ಉಲ್ಲೇಖ ಎಷ್ಟು ಎಂದು ಕೇಳುವ ಮೊದಲು

ಬೋಧನಾಭ್ಯಾಸದ ಮೂರನೆಯ ವಾರ. ಹತ್ತನೆಯ ತರಗತಿಗೆ ಸಂಖ್ಯಾಶಾಸ್ತ್ರದ ಘಟಕ ಶುರುವಾಗುವ ಮೊದಲು ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಒಮ್ಮೆ ನೆನಪಿಸಿಕೊಡುವ ಪಾಠ ನನ್ನ ಪಾಲಿಗೆ ಬಂದಿತ್ತು. ಕ್ರಿಕೆಟ್ ರನ್ನು, ಮಕ್ಕಳ ಎತ್ತರ, ಕಿರುಪರೀಕ್ಷೆಯ ಅಂಕ, ಈ ಮೂರೂ ಉದಾಹರಣೆಗಳನ್ನು ನನಗಿಂತ ಮುಂಚೆ ಪಾಠ ಮಾಡಿದ ಸಹಪಾಠಿಗಳು ಬಳಸಿ ಮುಗಿಸಿದ್ದರು. ಹೊಸದೇನು ಕೊಡಲಿ ಎಂದು ಯೋಚಿಸುತ್ತಿದ್ದಾಗ, ಭಾನುವಾರ ಮನೆಯಲ್ಲಿ ಅಕ್ಕ ಲ್ಯಾಪ್‌ಟಾಪ್ ಮುಂದೆ ಕುಳಿತು ಒಂದು ನಮೂನೆ ತುಂಬುತ್ತಿದ್ದುದು ಕಣ್ಣಿಗೆ ಬಿತ್ತು. ಅಕ್ಕ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನದ ಸಹಾಯಕ ಪ್ರಾಧ್ಯಾಪಕಿ. ವರ್ಷಕ್ಕೊಮ್ಮೆ ತುಂಬಿಕೊಡಬೇಕಾದ ಆ ಸ್ವಯಂ ಮೌಲ್ಯಮಾಪನದ ನಮೂನೆಯಲ್ಲಿ ಪ್ರಕಟವಾದ ಪ್ರಬಂಧಗಳೆಷ್ಟು, ಅವುಗಳಿಗೆ ಬಂದ ಉಲ್ಲೇಖಗಳೆಷ್ಟು, ಎಚ್-ಸೂಚ್ಯಂಕ ಎಷ್ಟು ಎಂಬ ಮೂರು ಚೌಕಗಳಿದ್ದವು. ನನ್ನ ಉದಾಹರಣೆ ಸಿಕ್ಕಿತು.

ಒಬ್ಬ ಸಂಶೋಧಕರು ಬರೆದ ಪ್ರಬಂಧವನ್ನು ಬೇರೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಕಪ್ಪುಹಲಗೆಯ ಮೇಲೆ 'ಅ' ಮತ್ತು 'ಬ' ಎಂಬ ಇಬ್ಬರು ಕಾಲ್ಪನಿಕ ಕಂಪ್ಯೂಟರ್ ವಿಜ್ಞಾನಿಗಳನ್ನು ಬರೆದೆ. ಇಬ್ಬರದೂ ಐದೈದು ಪ್ರಬಂಧಗಳು. 'ಅ' ಅವರಿಗೆ ಬಂದ ಉಲ್ಲೇಖಗಳು 40, 3, 2, 1, 0. 'ಬ' ಅವರಿಗೆ ಬಂದವು 10, 9, 9, 9, 9. ಮಕ್ಕಳು ಕೂಡಿದರು: ಇಬ್ಬರದೂ ಒಟ್ಟು 46. ಸರಾಸರಿ ತೆಗೆದರು: ಇಬ್ಬರದೂ 9.2. ಮಧ್ಯಾಂಕ ನೋಡಿದಾಗ ಮಾತ್ರ ತರಗತಿಯಲ್ಲಿ ಗುಸುಗುಸು ಎದ್ದಿತು. 'ಅ' ಅವರ ಮಧ್ಯಾಂಕ 2, 'ಬ' ಅವರದು 9.

ಆಮೇಲೆ ಎಚ್-ಸೂಚ್ಯಂಕ ಹೇಳಿಕೊಟ್ಟೆ. ಇದು ಪಠ್ಯದಲ್ಲಿಲ್ಲ, ಆದರೆ ಏಳನೆಯ ತರಗತಿಯ ಮಗುವೂ ಲೆಕ್ಕ ಹಾಕಬಹುದಾದಷ್ಟು ಸರಳ. ಪ್ರಬಂಧಗಳನ್ನು ಉಲ್ಲೇಖದ ಇಳಿಕೆ ಕ್ರಮದಲ್ಲಿ ಜೋಡಿಸಬೇಕು. ಕನಿಷ್ಠ ಎರಡು ಉಲ್ಲೇಖ ಪಡೆದ ಎರಡು ಪ್ರಬಂಧಗಳಿದ್ದರೆ ಸೂಚ್ಯಂಕ 2, ಕನಿಷ್ಠ ಐದು ಉಲ್ಲೇಖ ಪಡೆದ ಐದು ಪ್ರಬಂಧಗಳಿದ್ದರೆ ಸೂಚ್ಯಂಕ 5. ಹಾಗೆ ಹೋಗಬಹುದಾದಷ್ಟು ಮೇಲಕ್ಕೆ ಹೋಗಿ ನಿಲ್ಲಬೇಕು. 'ಅ' ಅವರಿಗೆ ಬಂದದ್ದು 2. 'ಬ' ಅವರಿಗೆ 5. "ಹಾಗಾದರೆ ಯಾರು ದೊಡ್ಡ ವಿಜ್ಞಾನಿ?" ಎಂದು ಕೇಳಿದೆ. "ಬ" ಎಂದು ಇಡೀ ತರಗತಿ ಕೂಗಿತು.

ಮೂರನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ಕೈ ಎತ್ತಿದಳು. "ಮಿಸ್, ಆ ನಲವತ್ತು ಸಲ ಹೆಸರು ಹೇಳಿದ್ದು ಹೊಗಳೋದಕ್ಕಾ, ತಪ್ಪು ಅಂತ ತೋರಿಸೋದಕ್ಕಾ?"

ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಉತ್ತರವೂ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಆ ದಿನದ ನನ್ನ ವೀಕ್ಷಣಾ ನಮೂನೆಯಲ್ಲಿ ಸಮಯ ನಿರ್ವಹಣೆಗೂ ಮುಕ್ತಾಯಕ್ಕೂ ಕಡಿಮೆ ಅಂಕ ಬಿತ್ತು. ಅದು ಸರಿಯೇ, ಮುಕ್ತಾಯ ಇರಲೇ ಇಲ್ಲವಲ್ಲ. ಆದರೆ ಆ ಹುಡುಗಿಯ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಈ ಲೇಖನ ಒಂದು ರೀತಿಯಲ್ಲಿ ಅವಳಿಗೆ ಕೊಡಬೇಕಾಗಿದ್ದ ಉತ್ತರ. ಇನ್ನೊಂದು ರೀತಿಯಲ್ಲಿ, ನಾಳೆ ಇಂಥದೇ ನಮೂನೆಗಳನ್ನು ತುಂಬುವ, ಬೇರೆಯವರ ನಮೂನೆಗಳಿಗೆ ಅಂಕ ಹಾಕುವ ನಮ್ಮೆಲ್ಲರಿಗೆ ಸಂಬಂಧಿಸಿದ ಮಾತು.

ಮೊದಲು ಈ ಎಣಿಕೆ ಎಲ್ಲಿಂದ ಬಂತು ಎಂದು ನೋಡೋಣ. ಅಮೆರಿಕದ ಯುಜೀನ್ ಗಾರ್ಫೀಲ್ಡ್ 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉಲ್ಲೇಖ ಸೂಚಿಯ ಕಲ್ಪನೆಯನ್ನು ಮುಂದಿಟ್ಟರು. 1960ರ ದಶಕದಲ್ಲಿ ಅದು 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಎಂಬ ರೂಪದಲ್ಲಿ ಹೊರಬಂತು. ಅದರ ಮೂಲ ಉದ್ದೇಶ ಯಾರನ್ನೂ ತೂಗುವುದಾಗಿರಲಿಲ್ಲ; ಹುಡುಕುವುದಾಗಿತ್ತು. ಒಂದು ಹಳೆಯ ಪ್ರಬಂಧ ಕೈಗೆ ಸಿಕ್ಕರೆ ಅದನ್ನು ಮುಂದೆ ಯಾರು ಬಳಸಿದರು, ಯಾರು ತಿದ್ದಿದರು, ಯಾರು ಅಲ್ಲಗಳೆದರು ಎಂದು ಪತ್ತೆಹಚ್ಚಲು ಗ್ರಂಥಾಲಯದಲ್ಲಿ ಒಂದು ದಾರಿ ಬೇಕಿತ್ತು. ಹಾಜರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಯಾರು ಬಂದಿದ್ದಾರೆ ಎಂದು ತಿಳಿಯಲು ಅದು ಬೇಕೇ ಬೇಕು. ಆದರೆ ಹಾಜರಿ ನೂರಕ್ಕೆ ನೂರು ಇರುವ ಮಗುವೇ ಹೆಚ್ಚು ಕಲಿತಿದೆ ಎಂದು ಹೇಳಿದರೆ ಪುಸ್ತಕವನ್ನು ಅದರ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಿದಂತೆ. ಉಲ್ಲೇಖ ಸೂಚಿಗೂ ಹೀಗೇ ಆಯಿತು.

2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಸೂಚ್ಯಂಕವನ್ನು ಸೂಚಿಸಿದರು. ಒಂದೇ ಪ್ರಬಂಧದಿಂದ ಹೆಸರು ಮಾಡಿದವರನ್ನೂ, ಯಾರೂ ಓದದ ಪ್ರಬಂಧಗಳನ್ನು ರಾಶಿ ಹಾಕಿದವರನ್ನೂ ಬೇರ್ಪಡಿಸಿ, ನಿರಂತರವಾಗಿ ಒಳ್ಳೆಯ ಕೆಲಸ ಮಾಡಿದವರನ್ನು ಗುರುತಿಸುವುದು ಅದರ ಆಶಯ. ನನ್ನ ಕಪ್ಪುಹಲಗೆಯ 'ಬ' ಅವರಿಗೆ ಇದು ನ್ಯಾಯ ಒದಗಿಸುತ್ತದೆ. ಆದರೆ 'ಅ' ಅವರ ಆ 40 ಉಲ್ಲೇಖದ ಪ್ರಬಂಧವೇ ಒಂದು ಹೊಸ ಕ್ಷೇತ್ರಕ್ಕೆ ಬುನಾದಿ ಹಾಕಿದ್ದರೆ? ಸೂಚ್ಯಂಕದ ದೃಷ್ಟಿಯಲ್ಲಿ 40 ಆದರೂ ಒಂದೇ, 40,000 ಆದರೂ ಒಂದೇ. 'ಅ' 2ರಲ್ಲೇ ನಿಲ್ಲುತ್ತಾರೆ. ತಮ್ಮ ಸೂಚ್ಯಂಕ ಕೆಟ್ಟ ಪರಿಣಾಮಗಳನ್ನೂ ಉಂಟುಮಾಡಬಲ್ಲದು ಎಂದು ಹಿರ್ಷ್ ಅವರೇ 2020ರಲ್ಲಿ ಬರೆದರು.

ಕಂಪ್ಯೂಟರ್ ವಿಜ್ಞಾನಿಗಳ ವಿಷಯಕ್ಕೆ ಬಂದರೆ ಈ ಎಣಿಕೆಯ ತೊಡಕುಗಳು ಇನ್ನೂ ಹೆಚ್ಚು. ಮೊದಲನೆಯದು, ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸ ಬಹುಪಾಲು ಸಮ್ಮೇಳನಗಳಲ್ಲಿ ಮಂಡನೆಯಾಗುತ್ತದೆ. ಉಳಿದ ವಿಜ್ಞಾನಗಳಂತೆ ಪತ್ರಿಕೆಗಳಲ್ಲಿ ಮಾತ್ರವಲ್ಲ. ಎಣಿಸುವ ದತ್ತಸಂಚಯ ಸಮ್ಮೇಳನಗಳನ್ನು ಎಷ್ಟರಮಟ್ಟಿಗೆ ಸೇರಿಸಿಕೊಂಡಿದೆ ಎಂಬುದರ ಮೇಲೆ ಒಬ್ಬರದೇ ಸಂಖ್ಯೆ ಬದಲಾಗುತ್ತದೆ. ಅಕ್ಕನ ಉಲ್ಲೇಖಗಳು ಗೂಗಲ್ ಸ್ಕಾಲರ್‌ನಲ್ಲಿ ಒಂದು, ಸ್ಕೋಪಸ್‌ನಲ್ಲಿ ಇನ್ನೊಂದು. ಎರಡನೆಯದು, ಒಳಕ್ಷೇತ್ರಗಳ ನಡುವಿನ ಅಂತರ. ಇಂದಿನ ಕೃತಕ ಬುದ್ಧಿಮತ್ತೆಯ ಬುನಾದಿಯಾದ 'ಅಟೆನ್ಶನ್ ಈಸ್ ಆಲ್ ಯು ನೀಡ್' ಎಂಬ 2017ರ ಪ್ರಬಂಧ ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಒಂದು ಲಕ್ಷ ಉಲ್ಲೇಖಗಳನ್ನು ದಾಟಿದೆ. ಅದರ ಎಂಟೂ ಲೇಖಕರ ಖಾತೆಗೆ ಆ ಪೂರ್ತಿ ಸಂಖ್ಯೆ ಸೇರುತ್ತದೆ. ಕೆಲವೇ ಜನ ಕೆಲಸ ಮಾಡುವ ಶುದ್ಧ ಸಿದ್ಧಾಂತದ ಭಾಗದಲ್ಲಿ ನೂರು ಉಲ್ಲೇಖವೇ ದೊಡ್ಡದು. ಈ ಎರಡನ್ನು ಒಂದೇ ತಕ್ಕಡಿಯಲ್ಲಿಡುವುದು ಒಂದು ತರಗತಿಯ ಕನ್ನಡದ ಅಂಕವನ್ನು ಇನ್ನೊಂದು ಶಾಲೆಯ ಗಣಿತದ ಅಂಕದೊಂದಿಗೆ ಹೋಲಿಸಿದಂತೆ.

ಮೂರನೆಯದು ಇನ್ನೂ ಸ್ವಾರಸ್ಯದ್ದು. ಒಂದು ವಿಚಾರ ತುಂಬಾ ಯಶಸ್ವಿಯಾದರೆ ಅದನ್ನು ಉಲ್ಲೇಖಿಸುವುದನ್ನೇ ಜನ ಬಿಟ್ಟುಬಿಡುತ್ತಾರೆ. ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಮೂರು ಪುಟದ ಒಂದು ಪ್ರಬಂಧ ಪ್ರಕಟಿಸಿದರು. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಅತಿ ಕಡಿಮೆ ದೂರದ ದಾರಿ ಹುಡುಕುವ ಕ್ರಮ ಅದರಲ್ಲಿದೆ. ಇಂದು ಅಂತರ್ಜಾಲದಲ್ಲಿ ಮಾಹಿತಿ ಸಾಗುವ ದಾರಿ ನಿರ್ಧರಿಸುವಲ್ಲಿಯೂ ಆ ಕ್ರಮ ದುಡಿಯುತ್ತಿದೆ. ಅದು ಪ್ರಬಂಧಗಳಲ್ಲಿ ಸಾವಿರಾರು ಸಲ ಉಲ್ಲೇಖವಾಗಿದೆ, ನಿಜ. ಆದರೆ ಅದನ್ನು ಪಾಠ ಮಾಡುವ ಪ್ರತಿಯೊಬ್ಬ ಉಪನ್ಯಾಸಕರೂ, ಬಳಸುವ ಪ್ರತಿಯೊಬ್ಬ ತಂತ್ರಜ್ಞರೂ ಎಲ್ಲಿಯೂ ಉಲ್ಲೇಖ ಬರೆಯುವುದಿಲ್ಲ. ನಾವು ಸೊನ್ನೆ ಬರೆಯುವಾಗ ಬ್ರಹ್ಮಗುಪ್ತನ ಹೆಸರು ಬರೆಯುತ್ತೇವೆಯೇ?

ನಾಲ್ಕನೆಯ ತೊಡಕು ನಮ್ಮ ವೃತ್ತಿಗೆ ನೇರವಾಗಿ ಸಂಬಂಧಿಸಿದ್ದು. ಪ್ರೊ. ವಿ. ರಾಜಾರಾಮನ್ ಅವರನ್ನು ತೆಗೆದುಕೊಳ್ಳೋಣ. 1965ರಲ್ಲಿ ಕಾನ್ಪುರದ ಐಐಟಿಯಲ್ಲಿ ದೇಶದಲ್ಲೇ ಮೊದಲಾಗಿ ಕಂಪ್ಯೂಟರ್ ವಿಜ್ಞಾನದ ಬೋಧನೆ ಆರಂಭವಾಗಲು ಕಾರಣರಾದವರಲ್ಲಿ ಅವರು ಪ್ರಮುಖರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು 1982ರಿಂದ 1994ರವರೆಗೆ ಅಲ್ಲಿನ ಸೂಪರ್‌ಕಂಪ್ಯೂಟರ್ ಕೇಂದ್ರದ ಮುಖ್ಯಸ್ಥರಾಗಿದ್ದರು. ಎಂಸಿಎ ಎಂಬ ಪದವಿ ನಮ್ಮ ದೇಶದಲ್ಲಿ ಬರಲು ಕಾರಣವಾದ ಸಮಿತಿಯ ಅಧ್ಯಕ್ಷರಾಗಿದ್ದವರೂ ಅವರೇ. ಫೋರ್ಟ್ರಾನ್ ಭಾಷೆಯನ್ನು ಕಲಿಸುವ ಅವರ ಪುಸ್ತಕದಿಂದ ಪ್ರೋಗ್ರಾಮಿಂಗ್ ಕಲಿತವರು ತಲೆಮಾರುಗಟ್ಟಲೆ ಇದ್ದಾರೆ. ನನ್ನ ಬಿ.ಎಸ್ಸಿ. ಕಾಲೇಜಿನ ಗ್ರಂಥಾಲಯದಲ್ಲೂ ಅವರ ಹೆಸರಿನ ಹಳೆಯ ಪುಸ್ತಕಗಳಿದ್ದವು. ಹಿಂಬದಿಯ ಚೀಟಿಯಲ್ಲಿ ದಿನಾಂಕದ ಮುದ್ರೆ ಒತ್ತಲು ಜಾಗ ಉಳಿದಿರಲಿಲ್ಲ. ಓದಿದವರು ನೌಕರಿ ಹಿಡಿದರು, ಬ್ಯಾಂಕಿನ ತಂತ್ರಾಂಶ ಬರೆದರು, ಪಾಠ ಮಾಡಿದರು. ಹೆಚ್ಚಿನವರು ಪ್ರಬಂಧ ಬರೆಯಲಿಲ್ಲ, ಆದ್ದರಿಂದ ಉಲ್ಲೇಖಿಸಲೂ ಇಲ್ಲ. ಗ್ರಂಥಾಲಯದ ಆ ಚೀಟಿಯ ಮುದ್ರೆಗಳನ್ನು ಯಾವ ಸೂಚ್ಯಂಕವೂ ಎಣಿಸುವುದಿಲ್ಲ.

ಇನ್ನೂ ಹತ್ತಿರದ ಉದಾಹರಣೆ ನನ್ನ ಬೆರಳ ತುದಿಯಲ್ಲೇ ಇದೆ. ಈ ಲೇಖನವನ್ನು ನಾನು ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸುತ್ತಿದ್ದೇನೆ. ಅದರ ಕೀಲಿಮಣೆಯ ವಿನ್ಯಾಸ ರೂಪಿಸಿದವರು ಕೆ.ಪಿ. ರಾವ್. ನಾಡಕಚೇರಿಯ ಅರ್ಜಿಯಿಂದ ನಮ್ಮ ಶಾಲೆಯ ಪ್ರಶ್ನೆಪತ್ರಿಕೆಯವರೆಗೆ ಎಷ್ಟೋ ಕನ್ನಡ ಆ ವಿನ್ಯಾಸದ ಮೂಲಕವೇ ಹೊರಬರುತ್ತಿದೆ. ಒಂದು ಭಾಷೆಯ ಜನ ದಿನವೂ ಬಳಸುವುದು ಪ್ರಭಾವವಲ್ಲದಿದ್ದರೆ ಪ್ರಭಾವ ಎಂದರೆ ಬೇರೆ ಏನು?

ಇಲ್ಲಿಯವರೆಗೆ ಓದಿದವರು, 'ಹಾಗಾದರೆ ಉಲ್ಲೇಖ ಎಣಿಸುವುದನ್ನೇ ಬಿಟ್ಟುಬಿಡೋಣ ಎನ್ನುತ್ತೀಯಾ?' ಎಂದು ಕೇಳಬಹುದು. ಅಂದು ರಾತ್ರಿ ನಾನೂ ಅಕ್ಕನ ಹತ್ತಿರ ಹಾಗೆಯೇ ವಾದಿಸಿದೆ. ಸಂಖ್ಯೆಯನ್ನೆಲ್ಲ ಕಸದ ಬುಟ್ಟಿಗೆ ಹಾಕಬೇಕು ಎಂದೆ. ಅಕ್ಕ ನಗಲಿಲ್ಲ.

"ನೋಡೇ, ನಾನು ತಾಲೂಕು ಕೇಂದ್ರದ ಕಾಲೇಜಲ್ಲಿ ಓದಿದೋಳು. ನಂಗೆ ಯಾವ ದೊಡ್ಡ ಸಂಸ್ಥೆ ಹೆಸರೂ ಇಲ್ಲ, ಶಿಫಾರಸು ಮಾಡೋರೂ ಇಲ್ಲ. ಸಂದರ್ಶನಕ್ಕೆ ಹೋದಾಗ ನನ್ನ ಕೈಲಿದ್ದಿದ್ದು ಎರಡು ಪೇಪರು, ಅದನ್ನ ಹೊರದೇಶದೋರು ಹೆಸರಿಸಿದಾರೆ ಅನ್ನೋ ಸಂಖ್ಯೆ. ಅದಿಲ್ದಿದ್ರೆ ನನ್ನ ಅರ್ಜೀನ ಯಾರೂ ತೆಗೆದೂ ನೋಡ್ತಿರ್ಲಿಲ್ಲ. ಸಂಖ್ಯೆ ತೆಗೆದುಬಿಟ್ರೆ ಉಳಿಯೋದೇನು? ವಶೀಲಿ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದು ನಿಜ ಎಂದು ಇಲ್ಲಿ ಒಪ್ಪಿಕೊಳ್ಳಲೇಬೇಕು. ಮನುಷ್ಯರು ಓದಿ, ಕುಳಿತು, ಚರ್ಚಿಸಿ ಕೊಡುವ ತೀರ್ಪು ಯಾವಾಗಲೂ ಸರಿಯಾಗಿರುತ್ತದೆ ಎಂಬುದಕ್ಕೂ ಆಧಾರವಿಲ್ಲ. ಸ್ಟೀಫನ್ ಕುಕ್ ಅವರ ಕಥೆ ಕಂಪ್ಯೂಟರ್ ವಿಜ್ಞಾನ ಓದಿದವರಿಗೆ ಗೊತ್ತಿರುತ್ತದೆ. 1970ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಅವರಿಗೆ ಕಾಯಂ ಹುದ್ದೆ ನಿರಾಕರಿಸಿತು. ಅವರು ಕೆನಡಾದ ಟೊರಾಂಟೊಗೆ ಹೋದರು. ಮರುವರ್ಷವೇ, 1971ರಲ್ಲಿ, ಈ ವಿಜ್ಞಾನದ ದಿಕ್ಕನ್ನೇ ತಿರುಗಿಸಿದ ಪ್ರಬಂಧ ಮಂಡಿಸಿದರು. ಉತ್ತರ ಸಿಕ್ಕ ಮೇಲೆ ಅದು ಸರಿಯೇ ಎಂದು ಪರೀಕ್ಷಿಸುವುದು ಸುಲಭ, ಆದರೆ ಉತ್ತರವನ್ನು ಹುಡುಕುವುದು ಕಷ್ಟ ಎನಿಸುವ ಒಂದು ದೊಡ್ಡ ಗುಂಪಿನ ಸಮಸ್ಯೆಗಳ ಸ್ವರೂಪವನ್ನು ಅದು ತೆರೆದು ತೋರಿಸಿತು. ಶಾಲೆಯ ವೇಳಾಪಟ್ಟಿ ಹಾಕಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ: ಹಾಕಿದ ಪಟ್ಟಿಯಲ್ಲಿ ಇಬ್ಬರಿಗೆ ಒಂದೇ ಅವಧಿ ಬಿದ್ದಿದೆಯೇ ಎಂದು ನೋಡುವುದು ಸುಲಭ, ಪಟ್ಟಿ ಹಾಕುವುದು ತಲೆನೋವು. 1982ರಲ್ಲಿ ಕುಕ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 1970ರಲ್ಲಿ ಎಚ್-ಸೂಚ್ಯಂಕ ಇನ್ನೂ ಹುಟ್ಟಿರಲಿಲ್ಲ. ಆದ್ದರಿಂದ ಆ ತಪ್ಪನ್ನು ಸಂಖ್ಯೆಯ ತಲೆಗೆ ಕಟ್ಟುವಂತಿಲ್ಲ. ತಪ್ಪು ಮಾಡಿದ್ದು ಮನುಷ್ಯರೇ.

ಅಂದರೆ ಸಂಖ್ಯೆಗೆ ಎದುರಾಗಿ ಮನುಷ್ಯರನ್ನು ನಿಲ್ಲಿಸುವುದರಿಂದ ಏನೂ ಬಗೆಹರಿಯುವುದಿಲ್ಲ. ಸಂಖ್ಯೆಯನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದೇ ಮುಖ್ಯ. ಅಕ್ಕನ ಸಂದರ್ಶನದಲ್ಲಿ ಸಂಖ್ಯೆ ಒಂದು ಬಾಗಿಲು ತೆರೆಯಿತು. 'ಇವರ ಪ್ರಬಂಧ ಓದಿ ನೋಡೋಣ' ಎನ್ನುವಂತೆ ಮಾಡಿತು. ಈಗ ಅವಳು ತುಂಬುವ ನಮೂನೆಯಲ್ಲಿ ಅದೇ ಸಂಖ್ಯೆ ಬಾಗಿಲು ಮುಚ್ಚುತ್ತಿದೆ. ಅಷ್ಟಿದ್ದರೆ ಇಷ್ಟು ಅಂಕ, ಇಲ್ಲದಿದ್ದರೆ ಇಲ್ಲ. ಪ್ರಬಂಧವನ್ನು ಯಾರೂ ಓದಬೇಕಾಗಿಲ್ಲ.

ಅಳತೆಯೇ ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ತಿಳಿವಳಿಕೆಗೆ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿದೆ. ಇದನ್ನು ಕಂಪ್ಯೂಟರ್ ವಿಜ್ಞಾನಿಗಳಷ್ಟು ಹತ್ತಿರದಿಂದ ಕಂಡವರು ಕಡಿಮೆ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್, ಉಲ್ಲೇಖದ ವಿಚಾರವನ್ನೇ ಜಾಲತಾಣಗಳಿಗೆ ಅನ್ವಯಿಸಿದರು. ಒಂದು ಪುಟಕ್ಕೆ ಎಷ್ಟು ಕೊಂಡಿಗಳು ಬಂದಿವೆ ಎಂದಷ್ಟೇ ಅಲ್ಲ, ಕೊಂಡಿ ಕೊಟ್ಟ ಪುಟದ ತೂಕವೆಷ್ಟು ಎಂದೂ ನೋಡುವ ಆ ಲೆಕ್ಕದಿಂದ ಗೂಗಲ್ ಹುಟ್ಟಿತು. ಅದು ಜನಪ್ರಿಯವಾದ ಕೂಡಲೇ ಸುಳ್ಳು ಕೊಂಡಿಗಳ ತೋಟಗಳೂ ಹುಟ್ಟಿದವು. ಉಲ್ಲೇಖಗಳಲ್ಲೂ ಹಾಗೆಯೇ. 2010ರಲ್ಲಿ ಫ್ರಾನ್ಸ್‌ನ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿ 'ಐಕ್ ಆಂಟ್ಕೇರ್' ಎಂಬ ಇಲ್ಲದ ಸಂಶೋಧಕನನ್ನು ಸೃಷ್ಟಿಸಿದರು. ಹೆಸರನ್ನು ಬೇಗ ಬೇಗ ಓದಿದರೆ 'ನನಗೇನೂ ಚಿಂತೆಯಿಲ್ಲ' ಎಂಬ ಅರ್ಥದ ಇಂಗ್ಲಿಷ್ ಮಾತು ಕೇಳಿಸುತ್ತದೆ. ಅರ್ಥವಿಲ್ಲದ ವಾಕ್ಯಗಳನ್ನು ಪೋಣಿಸಿ ಪ್ರಬಂಧ ತಯಾರಿಸುವ ಪ್ರೋಗ್ರಾಮಿನಿಂದ ನೂರರಷ್ಟು ಪ್ರಬಂಧಗಳನ್ನು ಮಾಡಿಸಿ, ಅವು ಒಂದನ್ನೊಂದು ಉಲ್ಲೇಖಿಸುವಂತೆ ಜೋಡಿಸಿದರು. ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಆ ಇಲ್ಲದ ಮನುಷ್ಯನ ಎಚ್-ಸೂಚ್ಯಂಕ 94ಕ್ಕೆ ಏರಿತು. ಎಷ್ಟೋ ನಿಜವಾದ ದಿಗ್ಗಜರಿಗಿಂತ ಅದು ಹೆಚ್ಚು.

ಅದು ಎಚ್ಚರಿಸಲು ಮಾಡಿದ ಪ್ರಯೋಗ. ನಮ್ಮಲ್ಲಿ ಅದೇ ವ್ಯಾಪಾರ. ಯುಜಿಸಿಯ 2010ರ ನಿಯಮಗಳು ಕಾಲೇಜು ಶಿಕ್ಷಕರ ಬಡ್ತಿಗೆ ಪ್ರಕಟಣೆಗಳನ್ನು ಅಂಕಗಳಾಗಿ ಲೆಕ್ಕ ಹಾಕುವ ಪದ್ಧತಿ ತಂದವು. 2016ರಿಂದ ಪ್ರಕಟವಾಗುತ್ತಿರುವ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲೂ ಪ್ರಕಟಣೆ ಮತ್ತು ಉಲ್ಲೇಖಗಳಿಗೆ ಪಾಲಿದೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅಕ್ಕನ ಮೊಬೈಲಿಗೆ ಬರುವ ಸಂದೇಶಗಳನ್ನು ನೋಡಿದ್ದೇನೆ: ಇಷ್ಟು ಹಣ ಕೊಟ್ಟರೆ ಸಿದ್ಧವಾದ ಪ್ರಬಂಧಕ್ಕೆ ಎರಡನೆಯ ಲೇಖಕಿಯಾಗಿ ಹೆಸರು, ಇನ್ನಷ್ಟು ಕೊಟ್ಟರೆ ಇಷ್ಟು ಉಲ್ಲೇಖಗಳ ಭರವಸೆ. ಅವಳು ಅಳಿಸಿ ಹಾಕುತ್ತಾಳೆ. ಸಂಜೆ ಆರರವರೆಗೆ ಲ್ಯಾಬಿನಲ್ಲಿ ನಿಂತು, ಪಾಯಿಂಟರ್ ಎಂದರೇನು ಎಂದು ಹಳ್ಳಿಯಿಂದ ಬಂದ ಹುಡುಗರಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾಳೆ. ಆ ಸಂಜೆಗಳಿಗೆ ನಮೂನೆಯಲ್ಲಿ ಚೌಕವಿಲ್ಲ. ಈ ವರ್ಷ ಅವಳ ಒಟ್ಟು ಅಂಕ ಬೇಕಾದಷ್ಟು ಆಗಲಿಲ್ಲ.

ಅವಳ ಪರ ವಹಿಸಿ ಇಷ್ಟು ಬರೆದ ಮೇಲೆ ನನ್ನದೊಂದು ತಪ್ಪನ್ನೂ ಹೇಳದಿದ್ದರೆ ಆಗದು. ಕಳೆದ ಸೆಮಿಸ್ಟರಿನಲ್ಲಿ ನಾನು ಸಲ್ಲಿಸಿದ ನಿಯೋಜಿತ ಕಾರ್ಯದ ಕೊನೆಯಲ್ಲಿ ಹನ್ನೆರಡು ಆಕರಗಳ ಪಟ್ಟಿ ಇತ್ತು. ಪೂರ್ತಿ ಓದಿದ್ದು ಮೂರು. ಉಳಿದ ಒಂಬತ್ತನ್ನು ಆ ಮೂರರ ಹಿಂಬದಿಯ ಪಟ್ಟಿಗಳಿಂದ ನಕಲು ಮಾಡಿದ್ದೆ. ಪಟ್ಟಿ ಉದ್ದವಿದ್ದರೆ ಅಂಕ ಹೆಚ್ಚು ಬರುತ್ತದೆ ಎಂದು ಹಿರಿಯ ಪ್ರಶಿಕ್ಷಣಾರ್ಥಿಗಳು ಹೇಳಿದ್ದರು; ನಿಜವಾಗಿಯೂ ಬಂತು. ನಾನು ಒಬ್ಬಳೇ ಅಲ್ಲ ಎಂದು ಓದುತ್ತಿರುವ ಗೆಳೆಯ ಗೆಳತಿಯರಿಗೆ ಗೊತ್ತು. ಉಲ್ಲೇಖ ಎಂಬುದು ಒಂದು ಸಾಕ್ಷಿ ಹೇಳಿಕೆ: 'ನಾನು ಇದನ್ನು ಓದಿದೆ, ಇದರಿಂದ ನನಗೆ ಇಂಥದು ಸಿಕ್ಕಿತು.' ಓದದೆ ಬರೆದರೆ ಅದು ಸುಳ್ಳು ಸಾಕ್ಷಿ. ಜಗತ್ತಿನ ದೊಡ್ಡ ದತ್ತಸಂಚಯಗಳು ಎಣಿಸುವುದು ಇಂಥ ಸಾಕ್ಷಿಗಳನ್ನೇ. ನನ್ನ ಒಂಬತ್ತು ಸುಳ್ಳುಗಳು ಯಾವ ದತ್ತಸಂಚಯಕ್ಕೂ ಸೇರಲಿಲ್ಲ. ಅಭ್ಯಾಸ ಮಾತ್ರ ಇಲ್ಲೇ, ಈ ಕಾಲೇಜಿನಲ್ಲೇ ಶುರುವಾಗಿತ್ತು.

ಆದ್ದರಿಂದ ದೂರದ ಸಮಿತಿಗಳಿಗೆ ಸಲಹೆ ಕೊಡುವ ಬದಲು ನಮ್ಮ ಕೈಯಲ್ಲೇ ಇರುವ ಮೂರು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು ತರಗತಿಗೆ ಸಂಬಂಧಿಸಿದ್ದು. ಸಂಖ್ಯಾಶಾಸ್ತ್ರದ ಪಾಠದಲ್ಲಿ ಸರಾಸರಿ ಕಂಡುಹಿಡಿಯುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ 'ಈ ಸಂಖ್ಯೆ ಏನನ್ನು ಹೇಳುವುದಿಲ್ಲ?' ಎಂಬ ಪ್ರಶ್ನೆಯನ್ನೂ ಪಾಠಯೋಜನೆಯಲ್ಲಿ ಸೇರಿಸೋಣ. 'ಅ' ಮತ್ತು 'ಬ' ಅವರ ಉದಾಹರಣೆ ಯಾರು ಬೇಕಾದರೂ ಬಳಸಬಹುದು. ಒಂದೇ ಒಟ್ಟು, ಒಂದೇ ಸರಾಸರಿ, ಬೇರೆ ಬೇರೆ ಮಧ್ಯಾಂಕ ಮತ್ತು ಸೂಚ್ಯಂಕ. ನಾಳೆ ಈ ಮಕ್ಕಳೇ ಫಲಿತಾಂಶದ ಶೇಕಡಾವಾರು, ಕಾಲೇಜಿನ ಶ್ರೇಯಾಂಕ, ಅಂಗಡಿಯ ನಕ್ಷತ್ರಗಳ ಎಣಿಕೆ ನೋಡಿ ನಿರ್ಧಾರ ಮಾಡುವವರು.

ಎರಡನೆಯದು ನಮ್ಮ ಬರವಣಿಗೆಗೆ. ನಿಯೋಜಿತ ಕಾರ್ಯದಲ್ಲೂ ಕ್ರಿಯಾ ಸಂಶೋಧನೆಯ ವರದಿಯಲ್ಲೂ ಆಕರಗಳು ಎಷ್ಟೇ ಇರಲಿ, ಪ್ರತಿಯೊಂದರ ಮುಂದೆ ಒಂದು ವಾಕ್ಯ ಬರೆಯುವ ನಿಯಮವಿರಲಿ: ಇದರಿಂದ ನಾನು ಏನು ಪಡೆದೆ, ಅಥವಾ ಎಲ್ಲಿ ಒಪ್ಪಲಿಲ್ಲ. ಆಗ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಮೌಲ್ಯಮಾಪನ ಮಾಡುವ ಗುರುಗಳು ಪಟ್ಟಿಯ ಉದ್ದ ನೋಡಿ ಅಂಕ ಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ ನಮಗೂ ಧೈರ್ಯ ಬರುತ್ತದೆ.

ಮೂರನೆಯದು ನಮ್ಮನ್ನು ಅಳೆಯುವ ನಮೂನೆಗೆ. ಸಂಶೋಧನೆಯ ಮೌಲ್ಯಮಾಪನದ ಬಗ್ಗೆ 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಲೈಡನ್ ಪ್ರಣಾಳಿಕೆಯ ಹತ್ತು ತತ್ವಗಳಲ್ಲಿ ಮೊದಲನೆಯದು ಇದೇ: ಅಂಕಿಅಂಶಗಳು ಬಲ್ಲವರ ತೀರ್ಪಿಗೆ ಊರುಗೋಲಾಗಬೇಕು, ಅದರ ಜಾಗದಲ್ಲಿ ಕೂರಬಾರದು. ನಮ್ಮ ವೀಕ್ಷಣಾ ನಮೂನೆಗೂ ಇದು ಸಲ್ಲುತ್ತದೆ. ಪೀಠಿಕೆ, ವಿವರಣೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ, ಇವುಗಳಿಗೆ ಅಂಕಗಳಿರಲಿ. ಅಂಕವಿಲ್ಲದಿದ್ದರೆ ಅಕ್ಕ ಹೇಳಿದಂತೆ ಪರಿಚಯವೇ ಗೆದ್ದುಬಿಡುತ್ತದೆ. ಆದರೆ ಅಂಕಗಳ ಕೆಳಗೆ ಎರಡು ಸಾಲಿನ ಖಾಲಿ ಜಾಗವಿರಲಿ: ಈ ಅವಧಿಯಲ್ಲಿ ನಡೆದ, ಮೇಲಿನ ಯಾವ ಚೌಕಕ್ಕೂ ಸೇರದ ಒಂದು ಸಂಗತಿ. ಸಹಪಾಠಿ ವೀಕ್ಷಣೆ ಮಾಡುವಾಗ ನಾವೂ ಅದನ್ನು ತುಂಬೋಣ. ಅದಕ್ಕೆ ಅಂಕ ಬೇಡ. ಅಂಕ ಕೊಟ್ಟರೆ ಅದೂ ಗುರಿಯಾಗಿಬಿಡುತ್ತದೆ. ಕೊನೆಯ ದರ್ಜೆ ನಿರ್ಧರಿಸುವಾಗ ಕುಳಿತು ಓದಿದರೆ ಸಾಕು. ಇದಕ್ಕೆ ಸಮಯ ಹೆಚ್ಚು ಹಿಡಿಯುತ್ತದೆ, ಮಾರ್ಗದರ್ಶಕರ ಮೇಲೆ ಈಗಾಗಲೇ ಇರುವ ಹೊರೆ ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ.

ಕೇಳಲು ಕಾರಣವಿದೆ. ಆ ದಿನ ನನ್ನ ನಮೂನೆಯಲ್ಲಿ ಸಮಯ ನಿರ್ವಹಣೆಗೆ ಕಡಿಮೆ ಅಂಕ ಕೊಟ್ಟ ಮಾರ್ಗದರ್ಶಕರು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದಿದ್ದರು: 'ಮೂರನೆಯ ಬೆಂಚಿನ ಪ್ರಶ್ನೆಗೆ ನಾಳೆ ಉತ್ತರಿಸಿ.' ಆ ಸಾಲಿಗೆ ಅಂಕವಿರಲಿಲ್ಲ. ಬೋಧನಾಭ್ಯಾಸದಲ್ಲಿ ನಾನು ಹೆಚ್ಚು ಕಲಿತದ್ದು ಅದರಿಂದಲೇ.

ಮರುದಿನ ತರಗತಿಯ ಮೊದಲ ಐದು ನಿಮಿಷ ಅವಳಿಗೆ ಕೊಟ್ಟೆ. "ಹೊಗಳೋದಕ್ಕೂ ಹೆಸರು ಹೇಳ್ತಾರೆ, ತಪ್ಪು ತೋರಿಸೋದಕ್ಕೂ ಹೇಳ್ತಾರೆ, ಸುಮ್ಮನೆ ಪಟ್ಟಿ ತುಂಬಿಸೋದಕ್ಕೂ ಹೇಳ್ತಾರೆ. ಎಣಿಸೋ ಯಂತ್ರಕ್ಕೆ ಮೂರೂ ಒಂದೇ" ಎಂದೆ. ಅವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ಯಾರಾದ್ರೂ ಓದಿ ನೋಡ್ಬೇಕಲ್ವಾ ಮಿಸ್?" ಎಂದಳು. ಹೌದು ಎಂದು ಹೇಳಿ, ಪುಸ್ತಕ ತೆರೆಯಲು ಹೇಳಿದೆ.